ಹದಿಮೂರು ವರ್ಷ ಕಾಯಿಸಿದ ‘ಫಿಯರ್ ಇನಾಕ್ಯುಲಂ’: ಮೊದಲ ಸಲ ಯಾವ ರೂಪದಲ್ಲಿ ಕೇಳಬೇಕು?

ಅಮೆರಿಕದ ಪ್ರೋಗ್ರೆಸ್ಸಿವ್ ಮೆಟಲ್ ಬ್ಯಾಂಡ್ ಟೂಲ್‌ನ ‘ಫಿಯರ್ ಇನಾಕ್ಯುಲಂ’ ಸಿಡಿಗೂ ಅದೇ ಹೆಸರಿನಲ್ಲಿ ಫೋನಿನಲ್ಲಿ ಸಿಗುವ ಆಲ್ಬಂಗೂ ಏಳೂವರೆ ನಿಮಿಷದ ವ್ಯತ್ಯಾಸವಿದೆ. ಸಿಡಿಯಲ್ಲಿ ಏಳು ಟ್ರ್ಯಾಕ್, ಒಟ್ಟು 79 ನಿಮಿಷ 10 ಸೆಕೆಂಡು. ಡಿಜಿಟಲ್‌ನಲ್ಲಿ ಹತ್ತು ಟ್ರ್ಯಾಕ್, 86 ನಿಮಿಷ 38 ಸೆಕೆಂಡು. ಒಂದು ಆಡಿಯೊ ಸಿಡಿಗೆ ಹಿಡಿಸುವುದೇ ಸುಮಾರು 80 ನಿಮಿಷ. ಹಾಗಾಗಿ ಮೂರು ಕಿರು ವಾದ್ಯ ತುಣುಕುಗಳು ಸಿಡಿಯಿಂದ ಹೊರಗುಳಿದವು: 2 ನಿಮಿಷ 14 ಸೆಕೆಂಡಿನ ‘ಲಿಟನಿ ಕಾಂಟ್ರ ಲಾ ಪ್ಯೂರ್’, 3 ನಿಮಿಷ 9 ಸೆಕೆಂಡಿನ ‘ಲೀಜನ್ ಇನಾಕ್ಯುಲಂಟ್’, 2 ನಿಮಿಷ 5 ಸೆಕೆಂಡಿನ ‘ಮಾಕಿಂಗ್‌ಬೀಟ್’. ಕೇಳಲು ಸಣ್ಣ ವಿಷಯ. ಆದರೆ ಹತ್ತು, ಹದಿಮೂರು, ಹದಿನೈದು ನಿಮಿಷದ ಹಾಡುಗಳ ನಡುವೆ ಉಸಿರಾಡಲು ಜಾಗ ಇದೆಯೋ ಇಲ್ಲವೋ ಎನ್ನುವುದು ಇಡೀ ಆಲ್ಬಂ ಮನಸ್ಸಿನಲ್ಲಿ ಕೂರುವ ರೀತಿಯನ್ನೇ ಬದಲಿಸುತ್ತದೆ.

ಬಿಡುಗಡೆಯಾದ ಮೊದಲ ವಾರದ ತೀರ್ಪುಗಳಲ್ಲಿ ಬಹಳಷ್ಟು ಕೇಳಿದ ರೀತಿಯಿಂದ ಹುಟ್ಟಿದವು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೇ ಸಿಡಿ, ಸ್ಟ್ರೀಮಿಂಗ್, ಫೈಲ್, ವಿನೈಲ್, ಬ್ಲೂಟೂತ್, ತಂತಿಯ ಹೆಡ್‌ಫೋನ್, ಕಾರು, ಮನೆಯ ಸ್ಪೀಕರ್ ಎಲ್ಲದರಲ್ಲೂ ಕೇಳಿ, ಯಾವುದರಲ್ಲಿ ಏನು ಸಿಕ್ಕಿತು, ಏನು ತಪ್ಪಿಹೋಯಿತು ಎಂದು ಇಲ್ಲಿ ಎದುರುಬದುರು ಇಟ್ಟಿದ್ದೇನೆ. ಈ ಆಲ್ಬಂ ಅನ್ನು ಇನ್ನೂ ಕೇಳದವರಿಗೂ, ಒಮ್ಮೆ ಕೇಳಿ ‘ಎಲ್ಲ ಒಂದೇ ಥರ ಇದೆ’ ಎಂದು ಬಿಟ್ಟವರಿಗೂ ಇದು ಕೆಲಸಕ್ಕೆ ಬರಬಹುದು.

ಬಿಡುಗಡೆಗೆ ಮೊದಲು ಕಿವಿಗೆ ಬಿದ್ದದ್ದು

ಟೂಲ್‌ನ ಇದರ ಹಿಂದಿನ ಆಲ್ಬಂ ‘10,000 ಡೇಸ್’ ಬಂದದ್ದು 2006ರಲ್ಲಿ. ಅದಕ್ಕೂ ಹಿಂದೆ ‘ಈನಿಮಾ’ 1996, ‘ಲ್ಯಾಟರಲಸ್’ 2001. ಐದೈದು ವರ್ಷಕ್ಕೊಂದು ಎಂಬ ಲೆಕ್ಕ ಅಲ್ಲಿಗೆ ಮುರಿಯಿತು. 2007ರಲ್ಲಿ ಶುರುವಾದ ಕೋರ್ಟ್ ವ್ಯಾಜ್ಯ 2015ರವರೆಗೆ ಎಳೆಯಿತು. ಅದರ ಮೇಲೆ ಬ್ಯಾಂಡಿನ ಕೆಲಸದ ಕ್ರಮವೇ ನಿಧಾನದ್ದು. ಗಿಟಾರಿನ ಆಡಮ್ ಜೋನ್ಸ್, ಬೇಸ್‌ನ ಜಸ್ಟಿನ್ ಚಾನ್ಸೆಲರ್, ಡ್ರಮ್ಸ್‌ನ ಡ್ಯಾನಿ ಕ್ಯಾರಿ ಮೂವರೂ ಸೇರಿ ವಾದ್ಯಭಾಗವನ್ನು ಕಟ್ಟಿ ಮುಗಿಸಿದ ಮೇಲೆ ಮೇನಾರ್ಡ್ ಜೇಮ್ಸ್ ಕೀನನ್ ಸಾಹಿತ್ಯ ಬರೆದು ಹಾಡುತ್ತಾರೆ. ಈ ಕ್ರಮ ನೆನಪಿರಲಿ, ಮುಂದೆ ಮತ್ತೆ ಬೇಕಾಗುತ್ತದೆ.

2019ರ ಆಗಸ್ಟ್ 30ಕ್ಕೆ ಮುಂಚೆ ಕಿವಿಯನ್ನು ಹದ ಮಾಡಿಕೊಳ್ಳಲು ಮೂರು ದಾರಿಗಳಿದ್ದವು. ಮೊದಲನೆಯದು ಮೇ 5ರಂದು ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ‘ಡಿಸೆಂಡಿಂಗ್’ ಮತ್ತು ‘ಇನ್‌ವಿನ್ಸಿಬಲ್’ ಅನ್ನು ವೇದಿಕೆಯಲ್ಲಿ ನುಡಿಸಿದಾಗ ಜನ ಫೋನಿನಲ್ಲಿ ಹಿಡಿದ ತುಣುಕುಗಳು. ಎರಡನೆಯದು ಆಗಸ್ಟ್ 7ಕ್ಕೆ ಬಂದ ಶೀರ್ಷಿಕೆ ಹಾಡು. ಮೂರನೆಯದು ಹಳೆಯ ಆಲ್ಬಂಗಳು. ಇವು ಆಗಸ್ಟ್ 2ರಂದು ಮೊದಲ ಬಾರಿಗೆ ಸ್ಟ್ರೀಮಿಂಗ್‌ಗೆ ಬಂದವು. ಅಲ್ಲಿಯವರೆಗೆ ಟೂಲ್ ಅಧಿಕೃತವಾಗಿ ಯಾವ ಸ್ಟ್ರೀಮಿಂಗ್ ಸೇವೆಯಲ್ಲೂ ಇರಲಿಲ್ಲ. ಸ್ಪಾಟಿಫೈ ಭಾರತಕ್ಕೆ ಕಾಲಿಟ್ಟದ್ದೂ ಅದೇ ವರ್ಷದ ಫೆಬ್ರವರಿಯಲ್ಲಿ. ಸಿಡಿ ಕೊಳ್ಳದ ನಮ್ಮ ಕಡೆಯ ಎಷ್ಟೋ ಕೇಳುಗರಿಗೆ ಹಳೆಯ ಟೂಲ್ ಮತ್ತು ಹೊಸ ಟೂಲ್ ಒಂದೇ ತಿಂಗಳಲ್ಲಿ ಕೈಗೆ ಸಿಕ್ಕಂತಾಯಿತು.

ಮೂರರಲ್ಲಿ ಫೋನ್ ತುಣುಕುಗಳೇ ಅತಿ ಕೆಟ್ಟ ತಯಾರಿ. ಫೋನಿನ ಮೈಕ್ ಜೋರು ಸದ್ದು ಬಿದ್ದ ಕೂಡಲೇ ತನ್ನಷ್ಟಕ್ಕೆ ಮಟ್ಟ ಇಳಿಸುತ್ತದೆ, ಸದ್ದು ತಗ್ಗಿದರೆ ಏರಿಸುತ್ತದೆ. ‘ಡಿಸೆಂಡಿಂಗ್’ನ ಜೀವ ಇರುವುದೇ ಕಡಲ ಅಲೆಗಳ ಸದ್ದಿನಿಂದ ಶುರುವಾಗಿ ಮೆಲ್ಲಗೆ ಉಬ್ಬುವ ಏರಿಕೆಯಲ್ಲಿ. ಮೈಕ್ ಆ ಏರಿಕೆಯನ್ನೇ ಒರಸಿ ಚಪ್ಪಟೆ ಮಾಡುತ್ತದೆ, ಬೇಸ್ ಒಡೆದು ಗುಂಯ್‌ಗುಡುತ್ತದೆ. ಆ ತುಣುಕುಗಳನ್ನು ಹತ್ತು ಸಲ ಕೇಳಿಕೊಂಡು ಬಂದ ಕಿವಿಗೆ ಆಲ್ಬಂನ ‘ಡಿಸೆಂಡಿಂಗ್’ ಮಂದವಾಗಿ ಕೇಳಿಸಿತು ಎಂದರೆ ಅದರಲ್ಲಿ ಆಶ್ಚರ್ಯವಿಲ್ಲ.

ಶೀರ್ಷಿಕೆ ಹಾಡು ಒಳ್ಳೆಯ ತಯಾರಿ. 10 ನಿಮಿಷ 20 ಸೆಕೆಂಡಿನ ಅದು ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 93ನೆಯ ಸ್ಥಾನಕ್ಕೆ ಬಂತು. ಅಷ್ಟು ಉದ್ದದ ಹಾಡು ಅದಕ್ಕೂ ಮುಂಚೆ ಆ ಪಟ್ಟಿಗೆ ಏರಿರಲಿಲ್ಲ. ಆಲ್ಬಂ ಹೇಗೆ ನಡೆಯುತ್ತದೆ ಎಂಬುದನ್ನು ಆ ಒಂದು ಹಾಡೇ ಪ್ರಾಮಾಣಿಕವಾಗಿ ಹೇಳಿಬಿಡುತ್ತದೆ: ಕಮಾನು ಎಳೆದಂತಹ ಗಿಟಾರ್ ದನಿ, ಅದರ ಕೆಳಗೆ ತಬಲಾ ಹೋಲುವ ನುಡಿಸಾಣಿಕೆ, ಅವಸರವಿಲ್ಲದ ಏರಿಕೆ, ಕೊನೆಯ ನಿಮಿಷಗಳಲ್ಲಿ ಮಾತ್ರ ಪೂರ್ತಿ ಭಾರ. ತಬಲಾದ ಛಾಯೆ ಕೇವಲ ಅಲಂಕಾರಕ್ಕೆ ಬಂದದ್ದೂ ಅಲ್ಲ. ಡ್ಯಾನಿ ಕ್ಯಾರಿ ತಬಲಾ ವಾದಕ ಅಲೋಕ್ ದತ್ತ ಅವರ ಬಳಿ ಕಲಿತವರು, ಡ್ರಮ್ ಕಿಟ್ಟಿನ ಜೊತೆಗೆ ಬೆರಳಿನಲ್ಲಿ, ಕೋಲಿನಲ್ಲಿ ನುಡಿಸುವ ಎಲೆಕ್ಟ್ರಾನಿಕ್ ಪ್ಯಾಡುಗಳನ್ನು ಇಟ್ಟುಕೊಂಡವರು.

ಹಳೆಯ ಆಲ್ಬಂಗಳಲ್ಲಿ ಯಾವುದನ್ನು ಕೇಳಿ ತಯಾರಾಗಬೇಕು ಎಂಬಲ್ಲಿ ಹೆಚ್ಚಿನವರು ‘ಲ್ಯಾಟರಲಸ್’ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ‘ಲ್ಯಾಟರಲಸ್’ನಲ್ಲಿ ರಿಫ್‌ಗಳು, ಅಂದರೆ ಮರಳಿ ಮರಳಿ ಬರುವ ಗಿಟಾರ್–ಬೇಸ್ ತುಣುಕುಗಳು, ಬೇಗ ಬೇಗ ತಿರುಗುತ್ತವೆ, ಬಿಡುಗಡೆಯ ಕ್ಷಣಗಳು ಹತ್ತಿರ ಹತ್ತಿರ ಇವೆ. ಅದನ್ನು ಕೇಳಿ ಬಂದರೆ ಹೊಸದು ಎಳೆದಂತೆ ಅನಿಸುತ್ತದೆ. ಸರಿಯಾದ ತಯಾರಿ ‘10,000 ಡೇಸ್’ನ ಜೋಡಿ ಹಾಡು, ‘ವಿಂಗ್ಸ್ ಫಾರ್ ಮೇರಿ’ ಮತ್ತು ಶೀರ್ಷಿಕೆ ಹಾಡು. ಎರಡೂ ಸೇರಿ ಹದಿನೇಳು ನಿಮಿಷ ದಾಟುತ್ತವೆ. ಕೀನನ್ ತಮ್ಮ ತಾಯಿಯ ನೆನಪಿಗೆ ಬರೆದದ್ದು. ತಾಳ್ಮೆಯಿಂದ ಕಟ್ಟಿ ಒಮ್ಮೆ ಮಾತ್ರ ಸಿಡಿಯುವ ಆ ಕ್ರಮವೇ ‘ಫಿಯರ್ ಇನಾಕ್ಯುಲಂ’ನ ಉದ್ದಕ್ಕೂ ಇರುವುದು. ‘10,000 ಡೇಸ್’ನ ಧ್ವನಿಮುದ್ರಣ ಮಾಡಿದ ಜೋ ಬರೇಸಿಯೇ ಇಲ್ಲೂ ಇದ್ದಾರೆ. ಆದ್ದರಿಂದ ಡ್ರಮ್ಸ್‌ನ ಮೈಕಟ್ಟು ಕೂಡ ಪರಿಚಿತ ಅನಿಸುತ್ತದೆ.

ಫೋನು, ಬ್ಲೂಟೂತ್, ತಂತಿ

ಫೋನಿನ ಸ್ವಂತ ಸ್ಪೀಕರ್‌ನಲ್ಲಿ ಈ ಆಲ್ಬಂ ಕೇಳಬೇಡಿ. ಟೂಲ್‌ನ ಗಿಟಾರ್ ಬಹುಪಾಲು ಡ್ರಾಪ್ ಡಿ ಶ್ರುತಿಯಲ್ಲಿ, ಅಂದರೆ ಅತಿ ಕೆಳಗಿನ ತಂತಿಯನ್ನು ಡಿ ಸ್ವರಕ್ಕೆ ಇಳಿಸಿ, ಇರುತ್ತದೆ. ಕೆಳಗಿನ ತಂತಿ ಸುಮಾರು 73 ಹರ್ಟ್ಜ್, ಬೇಸ್ ಗಿಟಾರಿನದು ಅದರ ಅರ್ಧ, ಸುಮಾರು 37 ಹರ್ಟ್ಜ್. ಫೋನಿನ ಸ್ಪೀಕರ್ ಕೆಲವು ನೂರು ಹರ್ಟ್ಜ್‌ಗಿಂತ ಕೆಳಗೆ ಹೆಚ್ಚುಕಡಿಮೆ ಮೂಕ. ಇಲ್ಲಿ ಎಷ್ಟೋ ಕಡೆ ರಾಗದ ಎಳೆ ಹಿಡಿದಿರುವುದು ಬೇಸ್. ಗಿಟಾರ್ ಅದರ ಸುತ್ತ ಬಣ್ಣ ತುಂಬುತ್ತದೆ. ಬೇಸ್ ಹೋಯಿತೆಂದರೆ ಹಾಡೇ ಹೋಯಿತು.

ಬ್ಲೂಟೂತ್ ಈಯರ್‌ಬಡ್ ಪರವಾಗಿಲ್ಲ, ಆದರೆ ಅದರ ಮಿತಿ ಎಲ್ಲಿ ಎಂದು ಗೊತ್ತಿರಬೇಕು. ಸೇವೆಯಿಂದ ಬರುವ 320 ಕೆಬಿಪಿಎಸ್ ಫೈಲ್ ಒಮ್ಮೆ ಕುಗ್ಗಿಸಿದ್ದು. ಬ್ಲೂಟೂತ್‌ನ ಸದ್ದು ಕುಗ್ಗಿಸುವ ಕ್ರಮವಾದ ಎಸ್‌ಬಿಸಿ ಕೋಡೆಕ್ ಅದನ್ನು ಕಿವಿಗೆ ಕಳಿಸುವ ಮೊದಲು ಇನ್ನೊಮ್ಮೆ ಕುಗ್ಗಿಸುತ್ತದೆ. ಹೋಲಿಸಿ ಕೇಳಿದಾಗ ನಷ್ಟ ಮೊದಲು ಕಾಣಿಸಿದ್ದು ಎರಡು ಕಡೆ: ಸಿಂಬಲ್ ಬಡಿದ ಮೇಲೆ ಉಳಿಯುವ ಬಾಲ, ಮತ್ತು ಶೀರ್ಷಿಕೆ ಹಾಡಿನ ಶುರುವಿನ ತಬಲಾ ಪ್ಯಾಡುಗಳ ಬೆರಳಂಚು. ಎರಡೂ ಮೊಂಡಾಗುತ್ತವೆ. ಗಿಟಾರಿನ ಭಾರವಾದ ಭಾಗಗಳಲ್ಲಿ ವ್ಯತ್ಯಾಸ ಹುಡುಕಿದರೂ ಸಿಗುವುದು ಕಷ್ಟ. ಹಾಗಾಗಿ ‘ಬ್ಲೂಟೂತ್‌ನಲ್ಲಿ ಮೆಟಲ್ ಕೆಡುತ್ತದೆ’ ಎಂಬ ಮಾತು ಅರ್ಧ ಮಾತ್ರ ನಿಜ. ಕೆಡುವುದು ಮೆತ್ತನೆಯ ಜಾಗಗಳು.

ಬಸ್ಸಿನಲ್ಲಿ, ಕಾರಿನಲ್ಲಿ ತೊಂದರೆ ಬೇರೆ ಬಗೆಯದು. ಎಂಜಿನ್ ಮತ್ತು ಟೈರಿನ ಗದ್ದಲ ಬೇಸ್ ಇರುವ ಜಾಗದಲ್ಲೇ ಕುಳಿತು ಅದನ್ನು ಮುಚ್ಚಿಹಾಕುತ್ತದೆ. ‘ಡಿಸೆಂಡಿಂಗ್’ನ ಅಲೆಗಳು ರಸ್ತೆಯ ಸದ್ದಿನಲ್ಲಿ ಕರಗುತ್ತವೆ. ‘ಕಲ್ಲಿಂಗ್ ವಾಯ್ಸಸ್’ ಅರ್ಧ ದಾಟುವವರೆಗೂ ಹೆಚ್ಚುಕಡಿಮೆ ಡ್ರಮ್ಸ್ ಇಲ್ಲದ ಪಿಸುಮಾತು. ಕೇಳಿಸಲಿಲ್ಲ ಎಂದು ವಾಲ್ಯೂಮ್ ಏರಿಸುತ್ತೀರಿ, ಮುಂದೆ ಡ್ರಮ್ಸ್ ಮತ್ತು ಗಿಟಾರ್ ಒಟ್ಟಿಗೆ ಬಿದ್ದಾಗ ಕಿವಿಗೆ ನೋವಾಗುತ್ತದೆ. ಗದ್ದಲ ತಗ್ಗಿಸುವ ಎಎನ್‌ಸಿ ಇರುವ ಹೆಡ್‌ಫೋನ್ ಈ ಒಂದು ಕಾರಣಕ್ಕೆ ಪ್ರಯಾಣದಲ್ಲಿ ಉಪಯೋಗ, ಏಕೆಂದರೆ ಅದು ಚೆನ್ನಾಗಿ ಅಳಿಸುವುದೇ ಕೆಳಸ್ಥಾಯಿಯ ಗುಡುಗುಡು. ಆದರೂ ಮೊದಲ ಕೇಳ್ವಿಕೆಗೆ ಪ್ರಯಾಣ ಬೇಡ.

ನನ್ನ ಆಯ್ಕೆ ತಂತಿಯ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಅದರ ವಿದ್ಯುತ್ ಪ್ರತಿರೋಧ 32ರಿಂದ 40 ಓಮ್‌ನ ಆಸುಪಾಸಿನದಾದರೆ ಫೋನು ಅಥವಾ ಸಣ್ಣ ಯುಎಸ್‌ಬಿ ಡಾಂಗಲ್ ಸಾಕು. ಸೆನ್‌ಹೈಸರ್ ಎಚ್‌ಡಿ 600 ಥರದ 300 ಓಮ್‌ನದಾದರೆ ಪ್ರತ್ಯೇಕ ಆಂಪ್ ಬೇಕು. ಇಲ್ಲದಿದ್ದರೆ ಸದ್ದು ಬರುತ್ತದೆ, ಪೆಟ್ಟು ಬರುವುದಿಲ್ಲ. ಡಾಂಗಲ್ ಹಾಕಿದಾಗ ವಾಲ್ಯೂಮ್ ತೀರ ಕಡಿಮೆ ಅನಿಸಿದರೆ ಹೆಡ್‌ಫೋನನ್ನು ದೂರುವ ಮೊದಲು ಬೇರೆ ಡಾಂಗಲ್ ಅಥವಾ ಬೇರೆ ಪ್ಲೇಯರ್ ಆ್ಯಪ್ ಪ್ರಯತ್ನಿಸಿ, ಕೆಲವು ಫೋನ್–ಡಾಂಗಲ್ ಜೋಡಿಗಳಲ್ಲಿ ಒಳಗಿನ ವಾಲ್ಯೂಮ್ ಅರ್ಧದಲ್ಲೇ ನಿಂತಿರುತ್ತದೆ.

ಮನೆಯ ಸ್ಪೀಕರ್‌ಗಳಲ್ಲಿ ಐದಿಂಚಿನ ಬುಕ್‌ಶೆಲ್ಫ್ ಜೋಡಿ ಸಾಮಾನ್ಯವಾಗಿ 50–60 ಹರ್ಟ್ಜ್‌ಗಿಂತ ಕೆಳಗೆ ಸೋಲುತ್ತದೆ. ಬೇಸ್‌ನ ಕೆಳಗಿನ ಡಿ ಸ್ವರದ ಮೂಲ ಕಂಪನ ಕೇಳಿಸದಿದ್ದರೂ ಅದರ ಇಮ್ಮಡಿ, 73 ಹರ್ಟ್ಜ್, ಕೇಳಿಸುವುದರಿಂದ ಮಿದುಳು ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಸ್ಪೀಕರನ್ನು ಗೋಡೆಯ ಮೂಲೆಗೆ ತಳ್ಳಿ ಬೇಸ್ ಹೆಚ್ಚಿಸಲು ಹೋದರೆ ಸ್ವರಗಳ ಅಂತರ ಅಳಿದು ಎಲ್ಲ ಒಂದೇ ಗುಂಯ್ ಆಗುತ್ತದೆ. ಗೋಡೆಯಿಂದ ಒಂದು ಮೊಳ ಈಚೆ ಇಡುವುದೇ ವಾಸಿ.

ಸ್ಟ್ರೀಮಿಂಗ್‌ನಲ್ಲೇ ಕೇಳುವುದಾದರೆ ಮೊದಲೇ ನೋಡಿಕೊಳ್ಳಬೇಕಾದದ್ದು ಕೆಲವಿವೆ. ಒಂದು ಹಾಡಿನ ಕೊನೆಯನ್ನು ಮುಂದಿನದರ ಶುರುವಿಗೆ ಬೆರೆಸುವ ಕ್ರಾಸ್‌ಫೇಡ್ ಪೂರ್ತಿ ಸೊನ್ನೆಗೆ ಇಳಿಸಿ, ಇಲ್ಲದಿದ್ದರೆ ‘ನ್ಯೂಮಾ’ದ ಬಾಲ ‘ಲಿಟನಿ’ಯ ಮೇಲೆ ಹತ್ತಿಕೊಳ್ಳುತ್ತದೆ. ಷಫಲ್ ಆಫ್. ಗುಣಮಟ್ಟ ‘ಆಟೋ’ದಲ್ಲಿ ಇದ್ದರೆ ನೆಟ್‌ವರ್ಕ್ ಕುಸಿದಾಗ ಸದ್ದು ಕಳಪೆಯಾಗುತ್ತದೆ, ಆಲ್ಬಂ ಮುಂಚೆಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. 320 ಕೆಬಿಪಿಎಸ್‌ನಲ್ಲಿ ಇಡೀ ಆಲ್ಬಂ ಸುಮಾರು 210 ಎಂಬಿ. ಉಚಿತ ಖಾತೆಯಲ್ಲಿ ಜಾಹೀರಾತು ನುಗ್ಗುತ್ತದೆ, ಈ ಆಲ್ಬಂಗೆ ಅದಕ್ಕಿಂತ ದೊಡ್ಡ ಅಡ್ಡಿ ಬೇರೆ ಇಲ್ಲ. ವಾಲ್ಯೂಮ್ ಹೊಂದಿಸುವಾಗ ಶೀರ್ಷಿಕೆ ಹಾಡಿನ ಆರಂಭ ಕೇಳಿ ಹೊಂದಿಸಬೇಡಿ. ಒಂಬತ್ತನೆಯ ನಿಮಿಷಕ್ಕೆ ಹೋಗಿ, ಅಲ್ಲಿ ಹಿತವಾಗುವಷ್ಟಕ್ಕೆ ಇಟ್ಟು, ಮತ್ತೆ ಮೊದಲಿನಿಂದ ಹಾಕಿ. ಆಮೇಲೆ ಮುಟ್ಟಬೇಡಿ.

ಸಿಡಿಯ ಕಥೆ

ಸಿಡಿಯ ಬಲ ಎಂದರೆ ಕುಗ್ಗಿಸದ ಸದ್ದು ಮತ್ತು ಮಧ್ಯೆ ಯಾರೂ ಬಾಯಿ ಹಾಕದಿರುವುದು. ದೌರ್ಬಲ್ಯ ಅದರ ಉದ್ದ. 79 ನಿಮಿಷ 10 ಸೆಕೆಂಡು ಎಂದರೆ ತಟ್ಟೆ ಅಂಚಿನವರೆಗೂ ತುಂಬಿದೆ. ಸಿಡಿ ಓದುವುದು ಒಳಗಿನಿಂದ ಹೊರಕ್ಕೆ. ಹಾಗಾಗಿ ಕೊನೆಯ ಟ್ರ್ಯಾಕ್, 15 ನಿಮಿಷ 43 ಸೆಕೆಂಡಿನ ‘ಟೆಂಪೆಸ್ಟ್’—ಟಿ ಅಕ್ಷರದ ಜಾಗದಲ್ಲಿ 7 ಅಂಕಿ ಹಾಕಿ ಬರೆಯುವ ಹಾಡು—ಕೂತಿರುವುದು ಹೊರ ಅಂಚಿನಲ್ಲಿ, ಬೆರಳ ಗುರುತು ಮತ್ತು ಗೀರು ಹೆಚ್ಚು ಬೀಳುವ ಜಾಗದಲ್ಲಿ. ಹಳೆಯ ಕಾರ್ ಪ್ಲೇಯರ್‌ಗಳಲ್ಲಿ ಮೊದಲ ಆರು ಟ್ರ್ಯಾಕ್ ಸರಿಯಾಗಿ ನಡೆದು ಕೊನೆಯದು ಮಾತ್ರ ಎಡವಿದರೆ ಕಾರಣ ಬಹುಮಟ್ಟಿಗೆ ಇದೇ. ಮೆತ್ತನೆಯ ಒಣ ಬಟ್ಟೆಯಲ್ಲಿ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಬೇಕು. ಸುತ್ತಲೂ ತಿರುಗಿಸಿ ಒರೆಸಿದರೆ ಹೊಸ ಗೀರು ಹಾಡಿನ ಜಾಡಿನ ಉದ್ದಕ್ಕೇ ಬಿದ್ದು ಇನ್ನೂ ಕೆಡುತ್ತದೆ.

ಸಿಡಿಯನ್ನು ಕಂಪ್ಯೂಟರಿಗೆ ಇಳಿಸಿ, ಸದ್ದು ಕೆಡದಂತೆ ಗಾತ್ರ ತಗ್ಗಿಸುವ ಫ್ಲ್ಯಾಕ್ ಫೈಲ್ ಮಾಡಿಟ್ಟುಕೊಳ್ಳುವುದು ಒಳ್ಳೆಯ ಮಧ್ಯದ ದಾರಿ. ಪರಿಶೀಲಿಸಿ ಓದುವ ಎಕ್ಸಾಕ್ಟ್ ಆಡಿಯೊ ಕಾಪಿಯಂತಹ ತಂತ್ರಾಂಶ ಬಳಸಿ. ಅವಸರದ ವೇಗದಲ್ಲಿ ಓದಿಸಿದರೆ ದೋಷ ಕಾಣಿಸಿಕೊಳ್ಳುವುದು ಮತ್ತೆ ಕೊನೆಯ ಟ್ರ್ಯಾಕಿನಲ್ಲೇ. ಕುಗ್ಗಿಸದ ಸದ್ದು 840 ಎಂಬಿ ಆಸುಪಾಸು, ಫ್ಲ್ಯಾಕ್ ಮಾಡಿದರೆ ಸುಮಾರು ಅದರ ಅರ್ಧದಿಂದ ಮೂರನೆಯ ಎರಡು ಪಾಲು. ಹತ್ತೂ ಟ್ರ್ಯಾಕಿನ ಡಿಜಿಟಲ್ ಆವೃತ್ತಿಯನ್ನು ಖಾಲಿ ಸಿಡಿಗೆ ಸುಡಲು ಹೋಗಬೇಡಿ. 80 ನಿಮಿಷದ ತಟ್ಟೆಗೆ 86 ನಿಮಿಷ ಹಿಡಿಸುವುದಿಲ್ಲ.

ಈಗ ಮುಖ್ಯ ಪ್ರಶ್ನೆ: ಮೂರು ತುಣುಕುಗಳಿಲ್ಲದೆ ಸಿಡಿ ಹೇಗೆ ನಡೆಯುತ್ತದೆ? ‘ನ್ಯೂಮಾ’ ಮುಗಿದ ಬೆನ್ನಲ್ಲೇ ‘ಇನ್‌ವಿನ್ಸಿಬಲ್’, ಅದು ಮುಗಿದ ಬೆನ್ನಲ್ಲೇ ‘ಡಿಸೆಂಡಿಂಗ್’. ಮೂರೂ ಸೇರಿ 38 ನಿಮಿಷ, ಮೂರೂ ಸಣ್ಣದಾಗಿ ಹೊತ್ತಿ ದೊಡ್ಡದಾಗಿ ಉರಿಯುವ ಹಾಡುಗಳು. ‘ಎಲ್ಲ ಒಂದೇ ಥರ’ ಎಂಬ ದೂರು ಗಟ್ಟಿಯಾಗುವುದು ಈ 38 ನಿಮಿಷದಲ್ಲಿ. ಡಿಜಿಟಲ್‌ನಲ್ಲಿ ‘ಲಿಟನಿ’ ಮತ್ತು ‘ಲೀಜನ್’ ಕಿವಿಯನ್ನು ಒರೆಸಿ ಮುಂದಿನ ಹಾಡಿನ ಮೌನಕ್ಕೆ ತಯಾರು ಮಾಡುತ್ತವೆ. ಅವುಗಳನ್ನು ಪ್ರತ್ಯೇಕವಾಗಿ ಹಾಕಿ ಕೇಳಿದರೆ ಏನೂ ಇಲ್ಲ ಅನಿಸುತ್ತದೆ, ನಿಜ. ಮನೆಯ ಪಡಸಾಲೆಯನ್ನು ಕಿತ್ತು ಬೇರೆಡೆ ಇಟ್ಟು ನೋಡಿದ ಹಾಗೆ ಅದು. ಈ ವಿಷಯದಲ್ಲಿ ಡಿಜಿಟಲ್ ಆವೃತ್ತಿ ಸಿಡಿಗಿಂತ ಮೇಲು ಎನ್ನಲು ನನಗೆ ಅಳುಕಿಲ್ಲ.

ಪರದೆಯ ಪೆಟ್ಟಿಗೆ, ಐದು ತಟ್ಟೆಯ ವಿನೈಲ್

ಮೊದಲು ಬಂದ ಸೀಮಿತ ಸಿಡಿ ಆವೃತ್ತಿಯಲ್ಲಿ ನಾಲ್ಕಿಂಚಿನ ಪರದೆ, ಎರಡು ವ್ಯಾಟ್ ಸ್ಪೀಕರ್, ಯುಎಸ್‌ಬಿ ಚಾರ್ಜಿಂಗ್ ತಂತಿ, 36 ಪುಟದ ಪುಸ್ತಿಕೆ ಇದ್ದವು. ತೆರೆದರೆ ಪರದೆಯಲ್ಲಿ ವಿಡಿಯೊ ಓಡುತ್ತದೆ. ನೋಡಲು ಚೆಂದ, ಕಲಾಕೃತಿಯ ಮೇಲೆ ಈ ಬ್ಯಾಂಡಿಗಿರುವ ಕಾಳಜಿ ಹಳೆಯದು. ‘10,000 ಡೇಸ್’ನ ಮಸೂರ ಹಚ್ಚಿದ ಹೊದಿಕೆಗೆ ಗ್ರ್ಯಾಮಿ ಪ್ರಶಸ್ತಿಯೇ ಬಂದಿತ್ತು. ಆದರೆ ಕೇಳುವುದಕ್ಕೆ ಇದರಿಂದ ಹೆಚ್ಚಿನದು ಏನೂ ಸಿಗುವುದಿಲ್ಲ, ಒಳಗಿನ ಸಿಡಿ ಅದೇ ಏಳು ಟ್ರ್ಯಾಕಿನದು. ಇಟ್ಟುಕೊಂಡವರು ಬ್ಯಾಟರಿಯನ್ನು ಪೂರ್ತಿ ಬರಿದಾಗಿಸಿ ಕಪಾಟಿನಲ್ಲಿ ಬಿಡಬೇಡಿ. ಲಿಥಿಯಂ ಬ್ಯಾಟರಿ ಹಾಗೆ ಬಿಟ್ಟರೆ ಸಾಯುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಅರ್ಧಕ್ಕಾದರೂ ಚಾರ್ಜ್ ಮಾಡಿ.

2022ರ ಏಪ್ರಿಲ್‌ನಲ್ಲಿ ಬಂದ ವಿನೈಲ್ ಪೆಟ್ಟಿಗೆಯಲ್ಲಿ 180 ಗ್ರಾಂನ ಐದು ತಟ್ಟೆಗಳು. ಒಂದು ಬದಿಯಲ್ಲಿ ಸಂಗೀತ, ಇನ್ನೊಂದು ಬದಿಯಲ್ಲಿ ಕೊರೆದ ಚಿತ್ರ. ತಾಂತ್ರಿಕವಾಗಿ ಇದು ಉದಾರ ವ್ಯವಸ್ಥೆ: ಬದಿಗೆ ಸರಾಸರಿ 16–17 ನಿಮಿಷವೇ ಇರುವುದರಿಂದ ಗೆರೆಗಳನ್ನು ಅಗಲವಾಗಿ, ಆಳವಾಗಿ ಕೊರೆಯಲು ಜಾಗ ಸಿಗುತ್ತದೆ, ಮಧ್ಯದ ಲೇಬಲ್ ಹತ್ತಿರ ಸದ್ದು ಸೀಳುವ ತೊಂದರೆಯೂ ಕಡಿಮೆ. ಡ್ರಮ್ಸ್‌ನ ಪೆಟ್ಟು ನನ್ನ ಕಿವಿಗೆ ಅತ್ಯಂತ ತೃಪ್ತಿಕರವಾಗಿ ಬಿದ್ದದ್ದು ಇಲ್ಲೇ. ಆದರೆ ಮೊದಲ ಕೇಳ್ವಿಕೆಗೆ ಇದನ್ನು ಶಿಫಾರಸು ಮಾಡಲಾರೆ. ಎದ್ದು ತಟ್ಟೆ ಬದಲಿಸುವ ಕೆಲಸ ಹಾಡಿನಿಂದ ಹಾಡಿಗೆ ಕಟ್ಟಿದ ಒತ್ತಡವನ್ನು ಕಡಿಯುತ್ತದೆ. ‘ಕಲ್ಲಿಂಗ್ ವಾಯ್ಸಸ್’ನಂತಹ ಮೆಲ್ಲನೆಯ ಹಾಡಿನಲ್ಲಿ ಪ್ರತಿ ಧೂಳಿನ ಕಣವೂ ಚಟಪಟ ಎನ್ನುತ್ತದೆ. ಪ್ರತಿ ಬದಿಗೂ ಮುಂಚೆ ಕಾರ್ಬನ್ ನೂಲಿನ ಬ್ರಷ್ ಹಾಯಿಸಲೇಬೇಕು. ಸೂಜಿಯ ಭಾರವನ್ನು ಕಾರ್ಟ್ರಿಜ್ (ಸೂಜಿ ಕೂರಿಸಿದ ಬಿಡಿಭಾಗ) ತಯಾರಕರು ಹೇಳಿದಷ್ಟಕ್ಕೇ ಇಡಿ. ಆರ್ಟೊಫಾನ್ 2ಎಂ ರೆಡ್‌ಗೆ 1.8 ಗ್ರಾಂ, ಆಡಿಯೊ ಟೆಕ್ನಿಕಾ ವಿಎಂ95ಇಗೆ 2 ಗ್ರಾಂ. ‘ತಟ್ಟೆ ಸವೆಯದಿರಲಿ’ ಎಂದು ಹಗುರ ಮಾಡಿದರೆ ಡಬಲ್ ಬೇಸ್ ಡ್ರಮ್ ಬಂದಾಗ ಸೂಜಿ ಗೆರೆಯಲ್ಲಿ ನಿಲ್ಲದೆ ಅಲುಗಾಡಿ, ಸವೆತ ಇನ್ನೂ ಹೆಚ್ಚುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇರುವವರಿಗೆ ಮಳೆಗಾಲದ ಬೂಷ್ಟಿನ ಚಿಂತೆ ಬೇರೆ. ಕಾಗದದ ಒಳಹೊದಿಕೆ ತೆಗೆದು ಪ್ಲಾಸ್ಟಿಕ್ ಒಳಹೊದಿಕೆ ಹಾಕಿ, ನೆಟ್ಟಗೆ ನಿಲ್ಲಿಸಿಡಿ.

ಎಣಿಸಿ ಕೇಳುವುದೋ, ಬಿಟ್ಟು ಕೇಳುವುದೋ

ಪ್ರೋಗ್ರೆಸ್ಸಿವ್ ಮೆಟಲ್ ಕೇಳುಗರಲ್ಲಿ ಇದು ಹಳೆಯ ಜಗಳ. ಎರಡೂ ಮಾಡಿ ನೋಡಿದ ಮೇಲೆ ನನ್ನ ಅನಿಸಿಕೆ: ಮೊದಲ ಸಲ ಎಣಿಸಬೇಡಿ, ಮೂರನೆಯ ಸಲ ಎಣಿಸದೆ ಬಿಡಬೇಡಿ. ನಮಗೆ ಇಲ್ಲೊಂದು ದೊಡ್ಡ ಅನುಕೂಲ ಇದೆ. ಪಶ್ಚಿಮದ ಕೇಳುಗರು ಈ ಲೆಕ್ಕಗಳನ್ನು ಬೆರಳು ಮಡಿಸಿ ‘ಒಂದು, ಎರಡು, ಮೂರು’ ಎಂದು ಹಿಡಿಯಲು ಹೆಣಗಾಡುತ್ತಾರೆ. ನಮ್ಮಲ್ಲಿ ಸಂಗೀತ ಪಾಠಕ್ಕೆ ಒಂದು ವರ್ಷ ಹೋದ ಮಗುವೂ ಖಂಡ ಚಾಪು, ಮಿಶ್ರ ಚಾಪು ತಟ್ಟಬಲ್ಲದು. ಸಂಗೀತ ಕಲಿಯದಿದ್ದರೂ ಶಾಲೆಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿದವರಿಗೆ ಐದು ಮಾತ್ರೆಯ ಗಣದ ವಾರ್ಧಕವೂ, ಮೂರು–ನಾಲ್ಕರ ಭಾಮಿನಿಯೂ ಗೊತ್ತು. ಅಷ್ಟು ಸಾಕು.

‘ನ್ಯೂಮಾ’ದ ಮುಖ್ಯ ರಿಫ್ ತೆಗೆದುಕೊಳ್ಳಿ. ಒಂದು ಪೂರ್ತಿ ಸುತ್ತಿಗೆ 33 ಎಣಿಕೆ. 33 ಎಂದು ಎಣಿಸಲು ಹೋದರೆ ಯಾರಿಗೂ ಸಿಗುವುದಿಲ್ಲ. ಒಡೆದರೆ 5, 5, 6, ಆಮೇಲೆ 5, 5, 7. ಬಾಯಲ್ಲಿ ಹೇಳಿಕೊಳ್ಳಿ: ತಕ ತಕಿಟ, ತಕ ತಕಿಟ, ತಕ ತಕದಿಮಿ, ತಕ ತಕಿಟ, ತಕ ತಕಿಟ, ತಕಿಟ ತಕದಿಮಿ. ಮೊದಲರ್ಧ 16ಕ್ಕೆ ನಿಲ್ಲುತ್ತದೆ, ಎರಡನೆಯದು 17ಕ್ಕೆ. ಆ ಒಂದು ಹೆಚ್ಚಿನ ಮಾತ್ರೆಯೇ ರಿಫ್ ಪ್ರತಿ ಸಲ ಒಂದು ಹೆಜ್ಜೆ ಮುಂದಕ್ಕೆ ವಾಲಿ ಮತ್ತೆ ಎದ್ದು ನಿಂತಂತೆ ಅನಿಸಲು ಕಾರಣ. ಎಣಿಕೆ ತಪ್ಪುವುದು ಯಾವಾಗಲೂ 6 ಮತ್ತು 7ರ ಜಾಗದಲ್ಲಿ. ಎರಡನ್ನೂ 6 ಎಂದುಕೊಂಡರೆ ಮುಂದಿನ ಸುತ್ತಿನ ಸಮ ಒಂದು ಮಾತ್ರೆ ತಡವಾಗಿ ಬಿತ್ತು ಎಂದು ಭ್ರಮೆಯಾಗುತ್ತದೆ.

ತಯಾರಿಗೆ ಟೂಲ್‌ನ ಹಳೆಯ ಹಾಡು ‘ಸ್ಕಿಸಂ’ ಒಳ್ಳೆಯದು. ಅದರ ಪ್ರಸಿದ್ಧ ಬೇಸ್ ರಿಫ್ ಐದು ಮತ್ತು ಏಳು: ತಕ ತಕಿಟ, ತಕಿಟ ತಕದಿಮಿ. ಇನ್ನೊಂದು ಹಳೆಯ ಹಾಡು ‘ವಿಕೇರಿಯಸ್’ ಐದರ ನಡೆ. ಇವೆರಡನ್ನು ತಟ್ಟಬಲ್ಲವರಿಗೆ ‘ಟೆಂಪೆಸ್ಟ್’ನ 21ರ ರಿಫ್ ಕಷ್ಟವಾಗದು. ತಕಿಟ ತಕದಿಮಿಯನ್ನು ಮೂರು ಸಲ ಹೇಳಿಕೊಂಡು ಮೊದಲ ಪೆಟ್ಟು ಹಿಡಿದರೆ ಸಾಕು, ಆದರೆ ಗಿಟಾರಿನ ಒತ್ತುಗಳು ನಿಮ್ಮ ಏಳರ ಗಡಿಗಳ ಮೇಲೆಯೇ ಬೀಳುತ್ತವೆ ಎಂದು ಕಾಯಬೇಡಿ. ಅವು ಗಡಿ ದಾಟಿ ಬಂದಾಗಲೂ ಕೈ ತಾಳ ಬಿಡದಿದ್ದರೆ ಅಲ್ಲಿ ಸಿಗುವ ಸುಖವೇ ಬೇರೆ. ಏಳರ ಗೀಳು ಈ ಆಲ್ಬಂನಲ್ಲಿ ಎಲ್ಲೆಡೆ ಇದೆ. ಹಾಡಿನ ಹೆಸರಿನಲ್ಲೇ ಅಂಕಿ ಕೂರಿಸಿದ್ದು ಸುಮ್ಮನೆ ಅಲ್ಲ.

ಮೊದಲ ಸಲವೇ ಎಣಿಸಿದರೆ ಏನು ನಷ್ಟ? ಡ್ಯಾನಿ ಕ್ಯಾರಿ ಎಷ್ಟೋ ಕಡೆ ಗಿಟಾರಿನ ಲೆಕ್ಕದ ಮೇಲೆ ಬೇರೊಂದು ಲೆಕ್ಕ ಓಡಿಸುತ್ತಾರೆ. ಒಂದನ್ನೇ ಹಿಡಿದು ಕೂತರೆ ಇನ್ನೊಂದು ಕೇಳಿಸುವುದೇ ಇಲ್ಲ. ಎಣಿಸಿದ ಮೇಲೆ ‘ನ್ಯೂಮಾ’ವನ್ನು ಅವರು ನುಡಿಸುವ, ಡ್ರಮ್ ಕೋಲಿನ ಕಂಪನಿ ವಿಕ್ ಫರ್ತ್‌ನ ವಿಡಿಯೊ ನೋಡಿ. ಯಾವ ಕೈ ಯಾವ ಲೆಕ್ಕ ಹಿಡಿದಿದೆ ಎಂದು ಕಣ್ಣಿಗೇ ಕಾಣುತ್ತದೆ.

ಮೊದಲ ವಾರದ ತೀರ್ಪುಗಳು, ಹತ್ತನೆಯ ಕೇಳ್ವಿಕೆಯ ತೀರ್ಪುಗಳು

ಆಲ್ಬಂ ಅಮೆರಿಕದ ಆಲ್ಬಂ ಪಟ್ಟಿ ಬಿಲ್‌ಬೋರ್ಡ್ 200ರಲ್ಲಿ ಮೊದಲ ಸ್ಥಾನಕ್ಕೆ ಬಂತು, ಮೊದಲ ವಾರ 2,70,000 ಯೂನಿಟ್. ಆದರೂ ಮೊದಲ ಅಭಿಪ್ರಾಯಗಳಲ್ಲಿ ಅನುಮಾನಗಳೂ ಇದ್ದವು. ‘ಎಲ್ಲ ಒಂದೇ ಥರ’ ಎಂಬುದರಲ್ಲಿ ಸ್ವಲ್ಪ ಸತ್ಯವಿದೆ: ಡಿ ಶ್ರುತಿಯ ಸುತ್ತಲೇ ಬಹುಪಾಲು ಹಾಡುಗಳ ಓಡಾಟ, ವೇಗವೂ ಹೆಚ್ಚಿನ ಕಡೆ ಮಧ್ಯಮ. ನಮ್ಮ ಕಿವಿಗೆ ಇದು ದೋಷವಾಗಬೇಕಿಲ್ಲ. ಒಂದೇ ಶ್ರುತಿಯಲ್ಲಿ ಮೂರು ಗಂಟೆಯ ಕಚೇರಿ ಕೇಳುವವರು ನಾವು. ಹಾಡುಗಳನ್ನು ಗುರುತಿಸಲು ಮೊದಲ ಅರ್ಧ ನಿಮಿಷ ನೆನಪಿಟ್ಟುಕೊಂಡರೆ ಸಾಕು: ಕಮಾನಿನಂತಹ ಗಿಟಾರ್ ಮತ್ತು ತಬಲಾ ಛಾಯೆ ಶೀರ್ಷಿಕೆ ಹಾಡು, ಒಂಟಿ ಗಿಟಾರಿನ ಮೀಟು ‘ಇನ್‌ವಿನ್ಸಿಬಲ್’, ಅಲೆಗಳು ‘ಡಿಸೆಂಡಿಂಗ್’.

‘ಹಾಡುವುದು ಕಡಿಮೆ’ ಎಂಬ ದೂರಿಗೆ ಉತ್ತರ ಕೆಲಸದ ಕ್ರಮದಲ್ಲಿದೆ. ವಾದ್ಯಭಾಗ ಮೊದಲೇ ಮುಗಿದಿದೆ, ಕೀನನ್ ಅದರಲ್ಲಿ ಜಾಗ ಹುಡುಕಿ ಕೂತಿದ್ದಾರೆ. ಹಳೆಯ ಆಲ್ಬಂಗಳಂತೆ ಕಿರುಚುವುದಿಲ್ಲ. ವಯಸ್ಸಾದ ಯೋಧ ತನ್ನ ಪ್ರಸ್ತುತತೆಗೆ ಹೋರಾಡುವ ‘ಇನ್‌ವಿನ್ಸಿಬಲ್’ನಲ್ಲಿ ಆ ಸಂಯಮವೇ ಅರ್ಥ ಕೊಡುತ್ತದೆ. ಮೊದಲ ಕೇಳ್ವಿಕೆಯಲ್ಲಿ ನನಗೆ ಅದು ಕೊರತೆಯಾಗಿ ಕಂಡಿತ್ತು, ಈಗ ಆಲ್ಬಂನ ಅತ್ಯುತ್ತಮ ಗಾಯನ ಅದೇ ಅನಿಸುತ್ತದೆ. 4 ನಿಮಿಷ 48 ಸೆಕೆಂಡಿನ ‘ಚಾಕೊಲೇಟ್ ಚಿಪ್ ಟ್ರಿಪ್’ ಬಗ್ಗೆ ಮಾತ್ರ ನನ್ನ ಮನಸ್ಸು ಬದಲಾಗಿಲ್ಲ. ಸಿಂಥ್ ಮೇಲೆ ಡ್ರಮ್ಸ್‌ನ ತನಿ ಆವರ್ತನ ಅದು, ವೇದಿಕೆಯಲ್ಲಿ ನೋಡಲು ಸೊಗಸು, ಆಲ್ಬಂ ಒಳಗೆ ತುಸು ಉದ್ದ. ‘ಟೆಂಪೆಸ್ಟ್’ಗೆ ತಕರಾರೇ ಇಲ್ಲ. ಮೊದಲ ಸಲ ಕೇಳಿದವರಿಗೂ ತಕ್ಷಣ ಹಿಡಿಸುವ ಹಾಡು ಅದು. 2020ರಲ್ಲಿ ಮೆಟಲ್ ವಿಭಾಗದ ಗ್ರ್ಯಾಮಿಯೂ ಅದಕ್ಕೇ ಬಂತು.

ಒಂದೇ ಸಲವೋ, ಎರಡು ಸಲವೋ

ಒಂದೇ ಉಸಿರಿಗೆ 86 ನಿಮಿಷ ಕೇಳುವುದು ಸಾಹಸ ಅನಿಸಬಹುದು. ಆದರೆ ಕಿವಿ ದಣಿಯುತ್ತದೆ. ಗಂಟೆ ದಾಟಿದ ಮೇಲೆ ಬರುವ ‘ಟೆಂಪೆಸ್ಟ್’ನ ಗಿಟಾರ್ ಕೆಲಸ, ಆಡಮ್ ಜೋನ್ಸ್ ಈ ಆಲ್ಬಂಗೆ ಕೊಟ್ಟ ಅತಿ ದೊಡ್ಡ ಕಾಣಿಕೆ, ದಣಿದ ಕಿವಿಗೆ ಬೀಳುತ್ತದೆ. ದಿನಕ್ಕೊಂದು ಹಾಡು ಎಂಬ ಇನ್ನೊಂದು ಪದ್ಧತಿಯಲ್ಲಿ ಹಾಡುಗಳು ಚೆನ್ನಾಗಿ ಪರಿಚಯವಾಗುತ್ತವೆ, ಆಲ್ಬಂ ಆಗುವುದಿಲ್ಲ. ಎರಡು ಸಲ ಕೂತು ಕೇಳುವುದೇ ಸರಿ ಅನಿಸಿತು. ಡಿಜಿಟಲ್‌ನಲ್ಲಿ ‘ಲೀಜನ್ ಇನಾಕ್ಯುಲಂಟ್’ ಮುಗಿದಲ್ಲಿ ನಿಲ್ಲಿಸಿ. ಅಲ್ಲಿಗೆ 40 ನಿಮಿಷ 20 ಸೆಕೆಂಡು, ಉಳಿದದ್ದು 46 ನಿಮಿಷ 18 ಸೆಕೆಂಡು. ಎರಡನೆಯ ಭಾಗ ಅಲೆಗಳ ಸದ್ದಿನಿಂದಲೇ ಶುರುವಾಗುವುದರಿಂದ ಹೊಸ ಅಂಕದ ಪರದೆ ಸರಿದ ಹಾಗೆ ಇರುತ್ತದೆ. ಸಿಡಿಯಲ್ಲಾದರೆ ‘ಇನ್‌ವಿನ್ಸಿಬಲ್’ ಮುಗಿದಲ್ಲಿ, 34 ನಿಮಿಷ 57 ಸೆಕೆಂಡಿಗೆ. ನಡುವೆ ಕಾಫಿ ಕುಡಿಯಿರಿ, ಬೇರೆ ಹಾಡು ಮಾತ್ರ ಬೇಡ.

ಕೊನೆಗೆ ಒಂದು ಸೆಟ್ಟಿಂಗ್ ಉಳಿಯಿತು. ಸಿಡಿ ಮುಗಿಯುವುದು ‘ಟೆಂಪೆಸ್ಟ್’ನ ಬಿರುಗಾಳಿಯೊಂದಿಗೆ, ಆಮೇಲೆ ಕೋಣೆಯ ಮೌನ. ಡಿಜಿಟಲ್ ಮುಗಿಯುವುದು ‘ಮಾಕಿಂಗ್‌ಬೀಟ್’ನ ಎರಡು ನಿಮಿಷದ ವಿಚಿತ್ರ ಹಕ್ಕಿ–ಹುಳುಗಳ ಚಿಲಿಪಿಲಿಯೊಂದಿಗೆ, ಮಳೆ ನಿಂತ ಮೇಲೆ ತೋಟದಲ್ಲಿ ಸದ್ದುಗಳು ಒಂದೊಂದಾಗಿ ಮರಳಿದ ಹಾಗೆ. ಈ ಒಂದು ಕಡೆ ನನಗೆ ಎರಡೂ ಇಷ್ಟ, ಆರಿಸಲು ಆಗಿಲ್ಲ. ಆದರೆ ಆ್ಯಪ್‌ನಲ್ಲಿ ‘ಆಟೋಪ್ಲೇ’ ಆನ್ ಇದ್ದರೆ ಆ ಚಿಲಿಪಿಲಿ ನಿಂತ ಮರುಕ್ಷಣವೇ ಬೇರೆ ಯಾವುದೋ ಬ್ಯಾಂಡಿನ ರಿಫ್ ನುಗ್ಗಿ ಬರುತ್ತದೆ. ಶೀರ್ಷಿಕೆ ಹಾಡಿನ ಪ್ಲೇ ಒತ್ತುವ ಮೊದಲೇ ಅದನ್ನು ಆಫ್ ಮಾಡಿ.